ಹೆಚ್ಚುಕಮ್ಮಿ ಬರೆಯುವ ಮೇಷ್ಟ್ರು

ಹೋದ ತಿಂಗಳು ಹೊಲದ ಗೇಟಿಗೆ ಕಂಬ ನಿಲ್ಲಿಸೋಣ ಅಂತ ಬಂಡೆ ಪಕ್ಕ ಗುಂಡಿ ತೋಡುತ್ತಿದ್ದೆ. ಒಂದು ಮೊಳ ಇಳಿದಿರಬೇಕು ಅಷ್ಟೆ, ಹಾರೆಯ ತುದಿಗೆ ಏನೋ ಟಣ್ ಅಂತು. ಕಲ್ಲಿನ ಸದ್ದಲ್ಲ ಅದು. ಕೈ ಹಾಕಿ ಕೆದಕಿದರೆ ಒಂದು ಹಿತ್ತಾಳೆ ಬಳೆ, ಬಳೆಯೊಳಗೆ ಗಾಜು, ಗಾಜಿನೊಳಗೆ ಹಸಿರು ನೀರು, ನೀರಲ್ಲಿ ಒಂದು ಗುಳ್ಳೆ. ಗಾರೆ ಕೆಲಸದವರ ಹತ್ತಿರ ರಸಮಟ್ಟ ಇರುತ್ತಲ್ಲ, ಅದೇ ಜಾತಿ. ಆದರೆ ಇದು ದುಂಡಗೆ, ಐದು ರೂಪಾಯಿ ಬಿಲ್ಲೆಗಿಂತ ಒಂಚೂರು ದೊಡ್ಡದು. ಮಣ್ಣು ಒರೆಸಿ ಅಂಗೈ ಮೇಲೆ ಇಟ್ಟುಕೊಂಡೆ. ಗುಳ್ಳೆ ಅಲ್ಲಾಡಿತು.

ಆಗ ನನಗೆ ದುಃಖ ಬಂತು ಅಂತ ಬರೆದರೆ ಸುಳ್ಳಾಗುತ್ತೆ. ಬಂದಿದ್ದು ಸಿಟ್ಟು. ನನ್ನ ಸಿಟ್ಟು ಊರಿಗೆಲ್ಲ ಗೊತ್ತು, ಮೂಗಿನ ತುದೀಲೇ ಇರುತ್ತೆ. ಇದು ಯಾಕೆ ನನ್ನ ಕೈಗೇ ಸಿಗಬೇಕಿತ್ತು ಅಂತ ಬಾವಿಗೆ ಎಸೆಯಲು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ಹನ್ನೊಂದು ವರ್ಷದ ಹಿಂದೆ ಇದೇ ಬಂಡೆ ಪಕ್ಕ ಇದೇ ಕೈ ಹೀಗೇ ಮೇಲೆದ್ದಿತ್ತು. ಅವತ್ತು ನಿಲ್ಲಲಿಲ್ಲ...

ಅವರನ್ನು ನಾವು ತೂಕದ ಮೇಷ್ಟ್ರು ಅಂತಿದ್ದೆವು. ನಿಜವಾಗಿ ಮೇಷ್ಟ್ರಲ್ಲ. ಬೆಂಗಳೂರಿನ ಯಾವುದೋ ಸಂಸ್ಥೆಯಲ್ಲಿ ಭೂಮಿಯ ಎಳೆತ ಅಳೆಯುವ ಕೆಲಸ ಅವರದು. ಅರವತ್ತರ ಹತ್ತಿರದ ವಯಸ್ಸು, ದಪ್ಪ ಗಾಜಿನ ಕನ್ನಡಕ, ಒಗೆದೂ ಒಗೆದೂ ಬಣ್ಣ ಬಿಟ್ಟ ಟೋಪಿ. ಬಾಡಿಗೆ ಜೀಪಿನಲ್ಲಿ ದೇವನಹಳ್ಳಿ ತಾಲ್ಲೂಕೆಲ್ಲ ಸುತ್ತುತ್ತಿದ್ದರು. ನಮ್ಮ ಊರಿಗೆ ಬಂದ ಮೊದಲ ದಿನ ಅಪ್ಪನ ಮುಂದೆ ಕೈ ಮುಗಿದು, "ಯಜಮಾನ್ರೇ, ನಿಮ್ಮ ಬಂಡೆ ಮೇಲೆ ಈ ಪೆಟ್ಟಿಗೆ ದಿನಾ ಎರಡು ಸಲ ಇಟ್ಕೋಬಹುದಾ?" ಅಂತ ಕೇಳಿದರು. ಬಂಡೆಗೂ ಅಪ್ಪಣೆ ಕೇಳೋ ಮನುಷ್ಯನನ್ನು ಅಪ್ಪ ಅದುವರೆಗೂ ಕಂಡಿರಲಿಲ್ಲ. "ಇಟ್ಕಳಿ ಸ್ವಾಮಿ, ಬಂಡೆ ಏನ್ ಸವೆದೋಯ್ತದಾ" ಅಂದ.

ಆ ಪೆಟ್ಟಿಗೆ ಒಂದು ಹಾಲಿನ ಕ್ಯಾನಿನಷ್ಟಿತ್ತು. ಅದಕ್ಕೊಂದು ಮೂರು ಕಾಲಿನ ತಟ್ಟೆ. ಬಂಡೆ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಒಂದೊಂದೇ ಕಾಲಿನ ತಿರುಪು ತಿರುಗಿಸೋರು, ಗುಳ್ಳೆ ನಡುವಿಗೆ ಬರೋವರೆಗೂ. ಆಮೇಲೆ ಕಣ್ಣಿಟ್ಟು ಉಸಿರು ಬಿಗಿಹಿಡಿದು ನೋಡೋರು. ಹತ್ತಿರ ಯಾರೂ ಓಡಾಡಬಾರದು. ಮೇಲೆ ವಿಮಾನ ಬಂದರೆ ಅದು ದಾಟಿ ಹೋಗೋವರೆಗೂ ಕಾಯೋರು. ನಮ್ಮ ಕಡೆ ವಿಮಾನಕ್ಕೇನು ಬರವೇ, ಒಂದೊಂದು ಸಲ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನಾನು ದ್ರಾಕ್ಷಿ ಚಪ್ಪರದ ಕೆಲಸ ಬಿಟ್ಟು ಬೀಡಿ ಹಚ್ಚಿಕೊಂಡು ನೋಡುತ್ತಾ ಕೂರುತ್ತಿದ್ದೆ. ಆಗ ನನಗೆ ಇಪ್ಪತ್ತಾರು.

ಪೆಟ್ಟಿಗೆಯ ಒಳಗೆ ಕೂದಲೆಳೆಯಂಥ ಸ್ಪ್ರಿಂಗು, ಅದರ ತುದಿಗೆ ಒಂದು ಪುಟ್ಟ ಭಾರ. ನೆಲದ ಕೆಳಗೆ ಭಾರದ ಕಲ್ಲಿದ್ದರೆ ಭೂಮಿ ಆ ಭಾರವನ್ನ ಎಳ್ಳುಕಾಳಿನಷ್ಟು ಜಾಸ್ತಿ ಎಳೆಯುತ್ತಂತೆ, ಹಗುರ ಕಲ್ಲಿದ್ದರೆ ಕಮ್ಮಿಯಂತೆ. ಹಾಗೆ ಊರೂರು ಅಳೆದು ಭೂಮಿಯ ಎಳೆತದ ನಕ್ಷೆ ಮಾಡುತ್ತಾರೆ ಅಂತ ಹೇಳಿದರು. ಮೇಲಿಂದ ಉಪಗ್ರಹವೂ ನೋಡುತ್ತೆ, ಆದರೆ ಅದಕ್ಕೆ ದೊಡ್ಡ ದೊಡ್ಡದು ಮಾತ್ರ ಕಾಣೋದು, ನಮ್ಮ ಬಂಡೆ ಗಿಂಡೆ ಕಾಣೋದಿಲ್ಲ. ಯಾರೂ ಕಾಲಿಟ್ಟು ಅಳೆಯದ ಜಾಗದಲ್ಲಿ ನಕ್ಷೆ ಅಂದಾಜಿಗೆ ಬೀಳುತ್ತೆ. ಮೇಷ್ಟ್ರ ಕೆಲಸ ಆ ನಕ್ಷೆಯೂ ಅಲ್ಲ. "ನಕ್ಷೆ ಮಾಡೋಕೆ ಬೇಕಾದಷ್ಟು ಜನ ಇದ್ದಾರೆ ತಮ್ಮಾ. ಆ ನಕ್ಷೆ ಎಲ್ಲೆಲ್ಲಿ ಎಷ್ಟೆಷ್ಟು ಸುಳ್ಳು ಹೇಳಬಹುದು ಅಂತ ಇನ್ನೊಂದು ನಕ್ಷೆ ಬೇಕಲ್ಲ, ನಾನು ಅದನ್ನ ಮಾಡ್ತೀನಿ" ಅಂದರು. ನಾನು ನಕ್ಕುಬಿಟ್ಟೆ. ಸುಳ್ಳಿಗೊಂದು ನಕ್ಷೆ ಮಾಡೋಕೆ ಸರ್ಕಾರ ಸಂಬಳ ಕೊಡುತ್ತಲ್ಲಪ್ಪಾ ಅಂತ.

ಅವರ ಹತ್ತಿರ ಒಂದು ಉದ್ದನೆ ನೋಟ್‌ಬುಕ್ಕು ಇತ್ತು. ಬೇರೆ ಆಫೀಸರುಗಳಂತೆ ಇಂಗ್ಲಿಷಲ್ಲಲ್ಲ, ಕನ್ನಡದಲ್ಲೇ ಬರೆಯೋರು. ಗೆರೆ ಎಳೆದು ನಾಲ್ಕು ಮನೆ: ಜಾಗ, ಹೊತ್ತು, ಅಂಕಿ, ಹೆಚ್ಚುಕಮ್ಮಿ. ಅಂಕಿ ಬರೆಯೋಕೆ ಒಂದು ನಿಮಿಷ ಸಾಕು, ಆ ಅಂಕಿ ಎಷ್ಟು ಆಚೀಚೆ ಇರಬಹುದು ಅಂತ ಕೊನೆಯ ಮನೆ ತುಂಬೋಕೆ ಹತ್ತು ನಿಮಿಷ ಯೋಚನೆ ಮಾಡೋರು. ಗಾಳಿ ಎಷ್ಟಿತ್ತು, ಪೆಟ್ಟಿಗೆ ಎಷ್ಟು ಕಾದಿತ್ತು, ತನ್ನ ಕಣ್ಣು ಎಷ್ಟು ದಣಿದಿತ್ತು, ಎಲ್ಲಾ ಲೆಕ್ಕ. ಬೆಳಗ್ಗೆ ನಮ್ಮ ಬಂಡೆ ಮೇಲೆ ಪೆಟ್ಟಿಗೆಯ ಅಂಕಿ ಓದಿ ಹೊರಟರೆ ನಲ್ಲೂರಿನ ಹುಣಸೆ ತೋಪು, ಅಲ್ಲಿಂದಾಚೆ ಇನ್ನಷ್ಟು ಊರು ಸುತ್ತಿ ಸಂಜೆಗೆ ಮತ್ತೆ ನಮ್ಮ ಬಂಡೆಗೇ ಬರಬೇಕು. ದಿನವಿಡೀ ಸ್ಪ್ರಿಂಗು ಒಂದಿಷ್ಟು ಜಾರಿರುತ್ತಂತೆ. ಬೆಳಗಿನ ಓದಿಗೂ ಸಂಜೆಯ ಓದಿಗೂ ಎಷ್ಟು ವ್ಯತ್ಯಾಸವೋ ಅಷ್ಟನ್ನು ನಡುವಿನ ಊರುಗಳಿಗೆಲ್ಲ ಹಂಚಬೇಕು. ಹೊರಟ ಜಾಗಕ್ಕೆ ವಾಪಸ್ ಬರದಿದ್ದರೆ ಅವತ್ತಿನ ಕೆಲಸವೆಲ್ಲ ನೀರಲ್ಲಿ ಹೋಮ.

ಒಂದು ದಿನ ಕೇಳಿಯೇಬಿಟ್ಟೆ. "ಅದೇನ್ ಸಾರ್ ಎಲ್ಲದಕ್ಕೂ ಹೆಚ್ಚುಕಮ್ಮಿ? ಗೊತ್ತಿದ್ರೆ ಗೊತ್ತು ಅನ್ನಿ, ಇಲ್ದಿದ್ರೆ ಗೊತ್ತಿಲ್ಲ ಅನ್ನಿ." ಅವರು ಟೋಪಿ ತೆಗೆದು ಬೋಳು ತಲೆ ಸವರಿಕೊಂಡರು. "ಹೆಚ್ಚುಕಮ್ಮೀನ ಕಮ್ಮಿ ಬರೆದೋನು ಸುಳ್ಳ ಕಣೋ ತಮ್ಮಾ. ಜಾಸ್ತಿ ಬರೆದೋನು ಹೇಡಿ. ಸರಿಯಾಗಿ ಬರೆಯೋದಿದೆ ನೋಡು, ಅದರಲ್ಲೇ ನನ್ನ ಕೂದಲೆಲ್ಲ ಉದುರಿಹೋಯ್ತು." ನನ್ನ ಹೆಂಡತಿ ಮಜ್ಜಿಗೆ ತಂದಿದ್ದಳು, ಅವಳೂ ನಕ್ಕಳು. ಅವಳಿಗೆ ಆಗ ಏಳು ತಿಂಗಳು. ಮೇಷ್ಟ್ರು ಗಡಬಡಿಸಿ ಬಂಡೆ ಇಳಿದು ಬಂದು ಲೋಟ ತಗೊಂಡರು. "ನೀವು ಹತ್ತಬೇಡಿ ತಾಯೀ, ಏನಾದ್ರೂ ಹೆಚ್ಚುಕಮ್ಮಿ ಆದೀತು" ಅಂದು, ತಮ್ಮ ಮಾತಿಗೆ ತಾವೇ ಬಿದ್ದೂ ಬಿದ್ದೂ ನಕ್ಕರು.

ಅದೇ ನೋಡಿ ಆ ಮಾತಿನ ಕೇಡು. ಮೇಷ್ಟ್ರಿಗೆ ಹೆಚ್ಚುಕಮ್ಮಿ ಅಂದರೆ ಸತ್ಯ. ನಮಗೆ ಹೆಚ್ಚುಕಮ್ಮಿ ಅಂದರೆ ಸಾವು. ಬಾಣಂತಿಗೆ ಹೆಚ್ಚುಕಮ್ಮಿ ಆಯ್ತು ಅಂದರೆ ಮಣ್ಣಿಗೆ ಹೊರಡಬೇಕು. ಜಮೀನಲ್ಲಿ ಹೆಚ್ಚುಕಮ್ಮಿ ಬಂತು ಅಂದರೆ ಮಚ್ಚು ಹುಡುಕಬೇಕು. ಎರಡು ಗುಂಟೆ ಹೆಚ್ಚುಕಮ್ಮಿಗೆ ನಮ್ಮ ತಾತನ ತಮ್ಮನ ತಲೆಯನ್ನು ಸ್ವಂತ ಸೋದರತ್ತೆ ಮಗನೇ ಗದ್ದೆ ಬದುವಿನ ಮೇಲೆ ಸೀಳಿದ್ದ. ಆ ಕಥೆ ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದು.

ಅಂಥ ಊರಿಗೆ ನೋಟೀಸು ಬಂತು. ಕೈಗಾರಿಕೆಗೆ ಜಮೀನು ಬೇಕು ಅಂತ, ಸರ್ವೆ ನಂಬರುಗಳ ಉದ್ದನೆ ಪಟ್ಟಿ. ಮಧ್ಯಾಹ್ನದ ಹೊತ್ತಿಗೆ ಅರಳಿಕಟ್ಟೆ ತುಂಬಿಹೋಗಿತ್ತು. ಹೆಂಗಸರು ಎದೆ ಬಡಿದುಕೊಂಡು ಮಣ್ಣು ತೂರುತ್ತಿದ್ದರು. ನೋಟೀಸು ತಂದ ಜವಾನನ ಬೈಕಿಗೆ ಯಾರೋ ಬೆಂಕಿ ಇಟ್ಟರು, ಅವನು ಕೆರೆ ಏರಿ ಮೇಲೆ ಎದ್ದೆನೋ ಬಿದ್ದೆನೋ ಅಂತ ಓಡಿದ. ನನಗೂ ರಕ್ತ ಕುದಿಯುತ್ತಿತ್ತು. ಅಷ್ಟರಲ್ಲಿ ದೊಡ್ಡಪ್ಪನ ಮಗ ಎಲ್ಲರ ಎದುರಿಗೆ ನನ್ನ ಕಾಲರ್ ಹಿಡಿದ.

"ನಿನ್ ಬಂಡೆ ಮೇಲೇ ಅಲ್ವೇನ್ಲಾ ಅವ್ನು ಬೆಳಿಗ್ಗೆ ಸಾಯಂಕಾಲ ಅಳೀತಿದ್ದಿದ್ದು? ಮಜ್ಜಿಗೆ ಬೇರೆ ಕೊಟ್ರಂತೆ. ಊರನ್ನೇ ಮಾರ್ಕೊಂಡ್ಯಲ್ಲೋ, ಥೂ!"

ಉಗುಳು ಬಂದು ನನ್ನ ಕೆನ್ನೆಗೆ ಬಿತ್ತು. ಇಡೀ ಊರು ನನ್ನ ಕಡೆ ತಿರುಗಿತು. ಅವನು ಅಳೀತಿದ್ದಿದ್ದು ಜಮೀನಲ್ಲ ಕಣ್ರೋ ಅಂತ ಹೇಳಬಹುದಿತ್ತು. ಯಾರು ನಂಬುತ್ತಿದ್ದರು? ಸ್ಪ್ರಿಂಗು, ಎಳ್ಳುಕಾಳು, ಸುಳ್ಳಿನ ನಕ್ಷೆ... ಅಲ್ಲಿ ಆ ಹೊತ್ತಲ್ಲಿ ಅದನ್ನ ಹೇಳಿದರೆ ನನ್ನ ಹಲ್ಲು ನನ್ನ ಕೈಗೆ ಬರುತ್ತಿತ್ತು. ನಾನು ಕೆನ್ನೆ ಒರೆಸಿಕೊಂಡೆ. ಗುದ್ದಲಿ ಕಾವೊಂದು ಅಲ್ಲೇ ಬಿದ್ದಿತ್ತು, ಅದನ್ನ ಎತ್ತಿಕೊಂಡೆ.

ಇನ್ನೂ ಬಿಸಿಲಿತ್ತು. ಸಂಜೆಯ ಓದಿಗೆ ಮೇಷ್ಟ್ರು ಎಂದಿನ ಹೊತ್ತಿಗೆ ಬಂದರು. ಪಾಪ, ಆ ಮನುಷ್ಯನಿಗೆ ಊರಲ್ಲಿ ಏನಾಗಿದೆ ಅಂತಲೇ ಗೊತ್ತಿರಲಿಲ್ಲ. ಗುಂಪು ನೋಡಿ ಜೀಪಿನ ಡ್ರೈವರು ಗಾಡಿ ತಿರುಗಿಸೋಣ ಸಾರ್ ಅಂದನಂತೆ. ಬೆಳಗಿನ ಓದು ಆಗಿದೆಯಪ್ಪಾ, ಸಂಜೆಯದು ಬಿಡೋಕಾಗಲ್ಲ ಅಂದು ಇಳಿದುಬಿಟ್ಟರಂತೆ. ನಲವತ್ತು ಜನ ಸುತ್ತುವರಿದರು. ದೊಡ್ಡಪ್ಪನ ಮಗ ನೋಟ್‌ಬುಕ್ಕು ಕಿತ್ತುಕೊಂಡು ಗಟ್ಟಿಯಾಗಿ ಓದಿದ.

"ಕೇಳ್ರಪ್ಪಾ! ನಲ್ಲೂರು ತೋಪು, ಹೆಚ್ಚುಕಮ್ಮಿ ಇಷ್ಟು. ಕೆರೆ ಏರಿ, ಹೆಚ್ಚುಕಮ್ಮಿ ಇಷ್ಟು. ನಮ್ ಬಂಡೆ ಹೊಲ, ಹೆಚ್ಚುಕಮ್ಮಿ ಇಷ್ಟು! ಯಾರ್ಯಾರದ್ದು ಎಷ್ಟೆಷ್ಟು ಕುಯ್ಬೇಕು ಅಂತ ಬರ್ದಿಟ್ಕೊಂಡವ್ನೆ ಸೂಳೆಮಗ!"

ಮೇಷ್ಟ್ರು ಗಾಬರಿಯಾಗಿ ಸುತ್ತ ನೋಡಿದರು. ನಾನು ಅವರ ಕಣ್ಣಿಗೆ ಬಿದ್ದೆ. ಮುಖ ಅರಳಿತು. "ತಮ್ಮಾ, ಅದೇನು ಅಂತ ನೀನೇ ಹೇಳಪ್ಪಾ ಇವರಿಗೆ" ಅಂದರು.

ಒಂದೇ ಒಂದು ಮಾತು ಸಾಕಿತ್ತು. ಅದರ ಅರ್ಥ ಗೊತ್ತಿದ್ದವನು ಆ ಗುಂಪಿನಲ್ಲಿ ನಾನೊಬ್ಬನೇ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಇವನು ಏನು ಹೇಳ್ತಾನೋ ಅಂತ. ನಾನು ಹೇಳಲಿಲ್ಲ. ಹೊಡೆದೆ.

ಮೊದಲ ಏಟು ಕನ್ನಡಕದ ಮೇಲೇ ಬಿತ್ತು. ಗಾಜು ಒಡೆದ ಸದ್ದು ಕೇಳಿಸಿತು. ಎರಡನೇ ಏಟು ಅಡ್ಡ ಹಿಡಿದ ಬಲಗೈಗೆ, ಮಣಿಕಟ್ಟಿನ ಮೂಳೆ ಹಸಿ ಕಡ್ಡಿ ಮುರಿದಂತೆ ಮುರಿಯಿತು. ಅವರು ಬಿದ್ದ ಮೇಲೆ ಮಿಕ್ಕವರು ಶುರು ಮಾಡಿದರು, ಕಾಲಲ್ಲಿ, ಕಲ್ಲಲ್ಲಿ, ಕೈಗೆ ಸಿಕ್ಕಿದ್ದರಲ್ಲಿ. ಧೂಳು, ಬೈಗುಳ, ಹೆಂಗಸರ ಕಿರುಚಾಟ. ಎಡಗಣ್ಣಿಂದ ರಕ್ತ ಇಳಿದು ಮೂಗು ಬಾಯಿ ಎಲ್ಲ ಕೆಂಪಾಗಿತ್ತು. ನನಗೆ ಅಷ್ಟೂ ಸಾಲಲಿಲ್ಲ. ಊರು ಮಾರಿದವನಲ್ಲ ನಾನು ಅಂತ ತೋರಿಸಬೇಕಿತ್ತಲ್ಲ! ಪೆಟ್ಟಿಗೆಯನ್ನು ತಲೆ ಮೇಲಕ್ಕೆ ಎತ್ತಿದೆ. ಆ ಮನುಷ್ಯ ಕಣ್ಣು ಹಿಡಿದುಕೊಳ್ಳೋದು ಬಿಟ್ಟು ನೆಲದ ಮೇಲೆ ತೆವಳಿಕೊಂಡು ಬಂದು ನನ್ನ ಕಾಲು ಹಿಡಿದರು. "ತಮ್ಮಾ, ಅದಕ್ಕೆ ಬೇಡ ಕಣೋ. ಹೊಡೆಯೋದಾದ್ರೆ ನನಗೆ ಹೊಡಿ." ಕಾಲು ಜಾಡಿಸಿ ಒದ್ದೆ. ಪೆಟ್ಟಿಗೆಯನ್ನ ಬಂಡೆಗೆ ಅಪ್ಪಳಿಸಿದೆ. ಒಂದಲ್ಲ, ಮೂರು ಸಲ. ತಿರುಪು, ತಗಡು, ಗಾಜು ಎಲ್ಲ ಚೆಲ್ಲಾಪಿಲ್ಲಿಯಾಗಿ ಮಣ್ಣಿಗೆ ಬಿದ್ದವು. ಈ ಗುಳ್ಳೆಯೂ ಅವತ್ತೇ ಬಿದ್ದಿರಬೇಕು.

ಆಮೇಲೆ ಪೊಲೀಸರು ಬಂದರು. ಅವರದೂ ನಮ್ಮದೇ ಭಾಷೆ, ಲಾಠಿ. ಅಂಗಾಲಿಗೆ ಬಿದ್ದ ಏಟಿಗೆ ನಾಲ್ಕು ದಿನ ನಿಲ್ಲೋಕಾಗಲಿಲ್ಲ, ಕುಂಡಿ ಮೇಲೆ ಜರುಗಿಕೊಂಡು ನೀರಿನ ಕೊಡದ ಹತ್ತಿರ ಹೋಗುತ್ತಿದ್ದೆ. ಊರಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಡ್ರೈವರು ಮೊದಲ ಕಲ್ಲಿಗೇ ಜೀಪು ಓಡಿಸಿಕೊಂಡು ಹೋಗಿದ್ದ. ಮೊದಲು ಹೊಡೆದವನು ಯಾರು ಅಂತ ಹೇಳಬಲ್ಲವರು ಮೇಷ್ಟ್ರೊಬ್ಬರೇ. ಅವರು ನನ್ನ ಕಡೆ ಬೆರಳು ತೋರಿಸಿದರೆ ಕೊಲೆ ಯತ್ನದ ಕೇಸು, ವರ್ಷಗಟ್ಟಲೆ ಜೈಲು. ಹುಟ್ಟೋ ಮಗುವಿನ ಮುಖವನ್ನ ಕಂಬಿ ಆಚೆಯಿಂದ ನೋಡಬೇಕು. ಲಾಕಪ್ಪಿನ ಗೋಡೆಗೆ ತಲೆ ಆನಿಸಿಕೊಂಡು ಅದೊಂದನ್ನೇ ಯೋಚಿಸುತ್ತಿದ್ದೆ. ಅವರ ಕಣ್ಣಿನ ಬಗ್ಗೆ ಯೋಚಿಸಿದೆನಾ? ಇಲ್ಲ. ಆಗ ಇಲ್ಲ.

ಐದನೇ ದಿನ ಅವರನ್ನ ಸ್ಟೇಷನ್ನಿಗೆ ಕರೆತಂದರು. ಎಡಗಣ್ಣಿಗೆ ಪಟ್ಟಿ, ಬಲಗೈಗೆ ಪ್ಲಾಸ್ಟರ್ ಕಟ್ಟು. ಕಣ್ಣು ಹೋಯಿತಂತೆ ಅಂತ ಪೇದೆಯೊಬ್ಬ ಪಿಸುಗುಟ್ಟಿದ. ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಇನ್ಸ್‌ಪೆಕ್ಟರಿಗೆ ನನ್ನ ಮೇಲೇ ಅನುಮಾನ, ನನ್ನ ರಟ್ಟೆ ಹಿಡಿದು ಮುಂದಕ್ಕೆಳೆದ. "ನೋಡಿ ಸಾರ್ ಸರಿಯಾಗಿ. ಫಸ್ಟ್ ಹೊಡೆದೋನು ಇವ್ನೇ ತಾನೆ?"

ಮೇಷ್ಟ್ರು ಹತ್ತಿರ ಬಂದರು. ತೀರಾ ಹತ್ತಿರ, ಪೆಟ್ಟಿಗೆಗೆ ಕಣ್ಣಿಡುತ್ತಿದ್ದರಲ್ಲ ಅಷ್ಟು. ಔಷಧಿ ವಾಸನೆ ಹೊಡೆಯಿತು. ಇದ್ದ ಒಂದು ಕಣ್ಣಲ್ಲಿ ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ.

"ಇರಬಹುದು" ಅಂದರು ಕೊನೆಗೆ. "ಆದ್ರೆ ಹೆಚ್ಚುಕಮ್ಮಿ ಜಾಸ್ತಿ ಇದೆ."

"ಹಂಗಂದ್ರೇನ್ ಸಾರ್? ಹೌದೋ ಅಲ್ವೋ ಹೇಳಿ!"

"ಇವನಿಗೂ ಪಕ್ಕದವನಿಗೂ ನನಗೆ ವ್ಯತ್ಯಾಸ ಗೊತ್ತಾಗ್ತಿಲ್ಲ ಅಂತ. ಹಾಗೇ ಬರ್ಕೊಳ್ಳಿ."

ಇನ್ಸ್‌ಪೆಕ್ಟರು ಮೇಜು ಗುದ್ದಿದ. ಮೇಷ್ಟ್ರು ಎಡಗೈಯಲ್ಲಿ ಸೊಟ್ಟಂಪಟ್ಟ ಸಹಿ ಹಾಕಿ, ಗೋಡೆ ಹಿಡಿದುಕೊಂಡು ಹೊರಟುಹೋದರು. ತಿರುಗಿ ನೋಡಲಿಲ್ಲ. ಅದೇ ಕೊನೆ, ಆಮೇಲೆ ನಾನು ಅವರನ್ನು ಕಂಡಿಲ್ಲ.

ಸಾಕ್ಷಿ ಸಿಗದೆ ಪೊಲೀಸರು ನನ್ನನ್ನು ಬಿಟ್ಟಾಗ ಊರಲ್ಲಿ ಹೆಗಲ ಮೇಲೆ ಹೊತ್ತರು. ಉಗಿದಿದ್ದ ದೊಡ್ಡಪ್ಪನ ಮಗನೇ ಹಾರ ಹಾಕಿದ, ಹುಲಿ ಕಣೋ ನೀನು ಅಂತ. ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ನಿಂತಿದ್ದ. ಕಾಲಲ್ಲಿದ್ದ ಎಕ್ಕಡ ಕಳಚಿ ಮುಖ ಮೂತಿ ನೋಡದೆ ಬಾರಿಸಿದ, ಎಕ್ಕಡದ ಅಟ್ಟೆ ಕಿತ್ತು ಬರೋವರೆಗೂ. "ಬಂಡೆಗೂ ಅಪ್ಪಣೆ ಕೇಳಿದ ಮನ್ಸನ್ನ ಹೊಡದ್ಬಿಟ್ಟೆಯಲ್ಲೋ ಚಂಡಾಲ" ಅಂತ ಒಂದೇ ಮಾತು, ಒಂದೊಂದು ಏಟಿಗೂ. ಸಾಯೋವರೆಗೂ ಅಪ್ಪ ಆ ಬಂಡೆ ಮೇಲೆ ಕೂರಲಿಲ್ಲ.

ಕೊನೆಗೆ ಆ ನೋಟೀಸಿನದೂ ಏನೂ ಆಗಲಿಲ್ಲ. ನಮ್ಮ ಭಾಗದ ಜಮೀನು ಕೈಬಿಟ್ಟರು. ಹೊಲ ಉಳೀತು, ದ್ರಾಕ್ಷಿ ಉಳೀತು, ಮಗಳು ಹುಟ್ಟಿದಳು, ಈಗ ಐದನೇ ಕ್ಲಾಸು. ಇಷ್ಟು ವರ್ಷ ನಾನು ಒಂದು ಮಾತನ್ನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವತ್ತು ಧೂಳಿತ್ತು, ಕನ್ನಡಕ ಒಡೆದಿತ್ತು, ಕಣ್ಣಲ್ಲಿ ರಕ್ತ, ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ತಮ್ಮಾ ಅಂದರಲ್ಲ ಅಂತೀರಾ? ಅವರು ಎಲ್ಲರನ್ನೂ ತಮ್ಮಾ ಅಂತಲೇ ಕರೆಯುತ್ತಿದ್ದರು, ಇನ್ಸ್‌ಪೆಕ್ಟರನ್ನೂ ಸಹ. ಹಾಗಂತ ನನಗೆ ನಾನೇ ಹೇಳಿಕೊಂಡು ಉಣ್ಣುತ್ತಿದ್ದೆ, ಮಲಗುತ್ತಿದ್ದೆ.

ಗುಳ್ಳೆ ಸಿಕ್ಕಿದ ಮೇಲೆ ಅದು ಆಗಲಿಲ್ಲ. ಕೇಸಿನ ಹಳೆ ಕಾಗದದಲ್ಲಿ ಅವರ ಮನೆ ವಿಳಾಸ ಇತ್ತು. ಒಂದು ಭಾನುವಾರ ಬಸ್ ಹತ್ತಿದೆ. ಹಳೇ ಬಡಾವಣೆ, ಕಿರಿದಾದ ರಸ್ತೆ, ಬಾಗಿಲಲ್ಲಿ ತುಳಸಿ. ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ. ಬಿಳಿ ಕೂದಲು, ಬರಿ ಹಣೆ. ಹಣೆ ನೋಡಿದ ಕೂಡಲೇ ಗೊತ್ತಾಯಿತು, ತಡವಾಗಿ ಬಂದೆ ಅಂತ. ಎರಡು ವರ್ಷವಾಯಿತು ಅಂದರು. ಯಾರಪ್ಪಾ ನೀನು ಅಂತ ಕೇಳಿದರು. ನಾನು ಅಂಗೈ ಬಿಡಿಸಿ ಗುಳ್ಳೆ ತೋರಿಸಿದೆ, ಊರ ಹೆಸರು ಹೇಳಿದೆ.

ಆ ತಾಯಿ ಹೊಡೆದರು. ಕೈ ಬೀಸಿ, ಕೆನ್ನೆಗೆ, ಎಪ್ಪತ್ತರ ಹತ್ತಿರದ ಮುದುಕಿಯ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಇನ್ನೊಂದು ಕೆನ್ನೆಗೂ ಬಿತ್ತು. ನಾನು ಅಲ್ಲಾಡಲಿಲ್ಲ. ಎದುರು ಮನೆಯವರು ಓಡಿಬಂದರು. ಆ ತಾಯಿ ಅವರಿಗೆ ಸುಮ್ಮನಿರಿ ಅಂತ ಕೈ ಸನ್ನೆ ಮಾಡಿ, ಏದುಸಿರು ಬಿಡುತ್ತಾ ನನಗೆ ಹೇಳಿದರು.

"ಬಂಡೆ ಹೊಲದ ಹುಡುಗ ತಾನೆ ನೀನು? ಅವರು ಅವತ್ತೇ ಹೇಳಿದ್ರು ನಂಗೆ. ಹೆಂಡತಿ ತುಂಬು ಬಸುರಿ, ಮಜ್ಜಿಗೆ ಕೊಟ್ಟಿದ್ಲು ಅಂದ್ರು. ಜೀವಮಾನದಲ್ಲಿ ಒಂದೇ ಒಂದ್ಸಲ ಹೆಚ್ಚುಕಮ್ಮಿ ಜಾಸ್ತಿ ಬರೆದ್ರು ಕಣೋ, ನಿನಗೋಸ್ಕರ. ಕಣ್ಣು ಹೋಗಿದ್ದಕ್ಕೆ ಅಳಲಿಲ್ಲ, ಅದಕ್ಕೆ ಅತ್ರು. ಇನ್ನು ನನ್ನ ಅಂಕಿ ಯಾರು ನಂಬ್ತಾರೆ, ನಾನೇ ನಂಬಲ್ಲ ಅಂತ ಆಮೇಲೆ ಆ ಪುಸ್ತಕಾನೇ ಮುಟ್ಟಲಿಲ್ಲ. ಅವರು ನಿನ್ನ ಬಿಟ್ರು. ನಾನು ಬಿಡಲ್ಲ. ಹೋಗು."

ಗುಳ್ಳೆಯನ್ನ ಅವರು ಮುಟ್ಟಲಿಲ್ಲ. ಬಾಗಿಲು ಹಾಕಿಕೊಂಡರು.

ಇವತ್ತು ಸಂಜೆ ಅದನ್ನ ತಂದು ಬಂಡೆ ಮೇಲೆ ಇಟ್ಟು ಕೂತಿದ್ದೀನಿ. ಬಂಡೆ ಓರೆ, ಕೆಳಗೆ ಕಲ್ಲುಚೂರು ಕೊಟ್ಟೂ ಕೊಟ್ಟೂ ಬಹಳ ಹೊತ್ತಿನ ಮೇಲೆ ಗುಳ್ಳೆ ನಡುವಿಗೆ ಬಂತು. ಮೇಲೆ ವಿಮಾನ ಹೋಯಿತು, ಅದು ದಾಟೋವರೆಗೂ ಕಾದೆ. ಓದೋಕೆ ಪೆಟ್ಟಿಗೆ ಇಲ್ಲ, ಅದನ್ನ ನಾನೇ ಒಡೆದಿದ್ದೀನಿ. ಓದೋರೂ ಇಲ್ಲ. ಅವತ್ತಿನ ಪುಟದಲ್ಲಿ ನಮ್ಮ ಬಂಡೆಯ ಬೆಳಗಿನ ಸಾಲು ತುಂಬಿತ್ತು, ಸಂಜೆಯ ಸಾಲು ಖಾಲಿ ಉಳಿದಿತ್ತು. ನನಗೆ ಅಂಕಿ ಗೊತ್ತಿಲ್ಲ. ಗೊತ್ತಿರೋದನ್ನ ಬರೀತೀನಿ.

ಜಾಗ, ಬಂಡೆ ಹೊಲ. ಹೊತ್ತು, ಸಂಜೆ. ಮೊದಲು ಹೊಡೆದವನು ನಾನು. ಹೆಚ್ಚುಕಮ್ಮಿ ಇಲ್ಲ.